ಕಾರ್ಪೆಂಟರ್ ಕರೆಸುವ ಮುಂಚೆ ಅಳತೆ ಟೇಪ್ ಹಿಡಿಯಿರಿ

ಒಂದು ಮಳೆಗಾಲದಲ್ಲಿ ನಮ್ಮ ಮನೆಯ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡಿತು. ಅವಸರದಲ್ಲಿ ಒಬ್ಬರನ್ನು ಕರೆಸಿ ಅಂಚು ಹೆರೆಸಿದೆ. ಆಗಸ್ಟ್‌ನಲ್ಲಿ ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಮಾರ್ಚ್ ಹೊತ್ತಿಗೆ ಒಣಗಿ ಕುಗ್ಗಿತು. ಸಂದಿಯಲ್ಲಿ ಹಲ್ಲಿ ನುಸುಳುವಷ್ಟು ಜಾಗ! ಅದಕ್ಕೇ ಮಳೆಗಾಲದಲ್ಲಿ ಬಾಗಿಲು ಹಿಡಿದರೆ ಮೊದಲು ಹಿಂಜ್‌ನ ಸ್ಕ್ರೂ ಸಡಿಲವಾಗಿದೆಯಾ ನೋಡಿಸಿ. ಹೆರೆಯಲೇಬೇಕಾದರೆ ತಾಗುವ ಜಾಗವನ್ನಷ್ಟೇ ತೆಳ್ಳಗೆ ಹೆರೆಸಿ, ಆ ಅಂಚಿಗೆ ಬಣ್ಣವನ್ನೋ ಪಾಲಿಶನ್ನೋ ಹಚ್ಚಿಸಿ. ಹಾಗೇ ಬಿಟ್ಟರೆ ಮತ್ತೆ ತೇವ ಹೀರುತ್ತದೆ.

ಯಾರನ್ನು ಕರೆಯಬೇಕು ಅನ್ನುವುದು ಕೆಲಸದ ಮೇಲೆ ನಿಂತಿದೆ. ಬೆಂಗಳೂರಿನ ನಾಗಸಂದ್ರದ ಐಕಿಯಾ ಅಂಗಡಿಯಿಂದಲೋ ಆನ್‌ಲೈನ್‌ನಿಂದಲೋ ಡಬ್ಬಿಯಲ್ಲಿ ಬಂದ ಕಪಾಟು ಜೋಡಿಸಲು, ಅಂಥದ್ದನ್ನು ಮೊದಲೇ ಜೋಡಿಸಿ ಅಭ್ಯಾಸವಿರುವವರು ಬೇಕು. ಅದರಲ್ಲಿ ಹೆಚ್ಚಾಗಿ ಇರುವುದು ಪಾರ್ಟಿಕಲ್ ಬೋರ್ಡ್, ಅಂದರೆ ಮರದ ಚೂರನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ. ಡ್ರಿಲ್ ಮೆಷಿನ್‌ನಲ್ಲಿ ಜಾಸ್ತಿ ಬಿಗಿದರೆ ತೂತು ಪುಡಿಯಾಗಿ ಸ್ಕ್ರೂ ಹಿಡಿಯುವುದಿಲ್ಲ. ಕೊನೆಯ ಸುತ್ತು ಕೈಯಲ್ಲೇ ಬಿಗಿಯಲು ಹೇಳಿ. ರಿಪೇರಿ ಕೆಲಸವಾದರೆ ವಾಟ್ಸ್ಆ್ಯಪ್‌ನಲ್ಲಿ ಮೊದಲೇ ಫೋಟೊ ಕಳಿಸಿ. ಬೇಕಾದ ಸಾಮಾನು ಅವರೇ ತರುತ್ತಾರೆ.

ಹೊಸ ವಾರ್ಡ್‌ರೋಬ್ ಮಾಡಿಸುವುದಾದರೆ ಫೋಟೊ ನೋಡಿ ಒಪ್ಪಬೇಡಿ. ಆ ಕಾರ್ಪೆಂಟರ್ ಎರಡು ವರ್ಷದ ಹಿಂದೆ ಕೆಲಸ ಮಾಡಿದ ಮನೆಗೆ ಹೋಗಿ, ಡ್ರಾಯರ್ ಎಳೆದು ನೋಡಿ. ಏರಿಯಾದ ಪ್ಲೈವುಡ್ ಅಂಗಡಿಯಲ್ಲಿ ವಿಚಾರಿಸಿದರೆ ಒಳ್ಳೆ ಕಾರ್ಪೆಂಟರ್‌ಗಳ ನಂಬರ್ ಸಿಗುತ್ತದೆ.

ರೇಟ್ ಮಾತು ಆಮೇಲೆ. ಚಿಕ್ಕ ಕೆಲಸಕ್ಕೆ ದಿನಗೂಲಿ, ದೊಡ್ಡದಕ್ಕೆ ಚದರಡಿ ಲೆಕ್ಕ. 7 ಅಡಿ ಎತ್ತರ, 5 ಅಡಿ ಅಗಲದ ವಾರ್ಡ್‌ರೋಬ್‌ನ ಮುಂಭಾಗ 35 ಚದರಡಿ. ಮೇಲಿನ ಲಾಫ್ಟ್ ಇದರಲ್ಲಿ ಸೇರಿದೆಯಾ? ಒಳಗಿನ ಡ್ರಾಯರ್‌ಗೆ ಬೇರೆ ದುಡ್ಡಾ? ರೇಟ್ ಬರೀ ಕೂಲಿಗಾ, ಮೆಟೀರಿಯಲ್ ಸೇರಿಯಾ? ಒಂದು ಹಾಳೆಯಲ್ಲಿ ಚಿತ್ರ ಬರೆದು, ಅಳತೆ ಹಾಕಿ, ಇದನ್ನೆಲ್ಲ ಅದರ ಕೆಳಗೇ ಬರೆಸಿಕೊಳ್ಳಿ. ಬಾಯಿಮಾತು ಮೂರನೇ ವಾರಕ್ಕೆ ಇಬ್ಬರಿಗೂ ಬೇರೆಬೇರೆಯಾಗಿ ನೆನಪಿರುತ್ತದೆ.

ನಿಜವಾಗಿ ಕಣ್ಣಿಡಬೇಕಾದದ್ದು ಪ್ಲೈವುಡ್ ಮೇಲೆ. 8x4 ಅಡಿಯ ಶೀಟ್ ಮೇಲೆ ಐಎಸ್‌ಐ ಗುರುತು, ದರ್ಜೆ ಅಚ್ಚಾಗಿರುತ್ತದೆ. ಮೇಲೆ ಬಣ್ಣದ ಹಾಳೆ, ಅಂದರೆ ಲ್ಯಾಮಿನೇಟ್ ಅಂಟಿಸಿದ ಮೇಲೆ ಅದು ಕಾಣುವುದಿಲ್ಲ. ಹಾಗಾಗಿ ಶೀಟ್ ಮನೆಗೆ ಬಂದ ದಿನವೇ ನೋಡಿ, ಫೋಟೊ ತೆಗೆದಿಟ್ಟುಕೊಳ್ಳಿ. ಮಲಗುವ ಕೋಣೆಗೆ ಐಎಸ್ 303 ಮಾನದಂಡದ ಎಂಆರ್ ದರ್ಜೆ, ಅಂದರೆ ಸ್ವಲ್ಪ ತೇವ ತಡೆಯುವ ಪ್ಲೈ ಸಾಕು. ಅಡುಗೆಮನೆಯ ಸಿಂಕ್ ಕೆಳಗೆ ಐಎಸ್ 710 ಅಂದರೆ ನೀರು ತಡೆಯುವ ಮರೀನ್ ಪ್ಲೈ ಹಾಕಿಸಿ. ಅಲ್ಲಿ ಉಳಿಸಿದ ದುಡ್ಡು ನೀರು ಪಾಲು. ಬಾಗಿಲಿಗೆ 18 ಅಥವಾ 19 ಮಿ.ಮೀ., ಹಿಂಬದಿಗೆ 6 ಮಿ.ಮೀ. ದಪ್ಪ ಸಾಮಾನ್ಯ. ಆಗುವುದಾದರೆ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್‌ಗೋ ಹತ್ತಿರದ ಅಂಗಡಿಗೋ ಕಾರ್ಪೆಂಟರ್ ಜೊತೆ ನೀವೂ ಹೋಗಿ, ಬಿಲ್ ನಿಮ್ಮ ಹೆಸರಿಗೇ ಮಾಡಿಸಿ.

ಅಪಾರ್ಟ್‌ಮೆಂಟ್ ಆದರೆ ಡ್ರಿಲ್ ಶಬ್ದಕ್ಕೆ ಯಾವ ಹೊತ್ತು ಬಿಡುತ್ತಾರೆ, ಮರದ ಚೂರು ಯಾರು ಸಾಗಿಸಬೇಕು ಅಂತ ಅಸೋಸಿಯೇಷನ್‌ನಲ್ಲಿ ಮೊದಲೇ ಕೇಳಿ. ಹೊರಗಿನಿಂದ ಬಂದ ಕೆಲಸದವರನ್ನು ಗೇಟಲ್ಲಿ ಸುಮ್ನೆ ನಿಲ್ಲಿಸಿದರೆ ಅವರ ಅರ್ಧ ದಿನದ ಕೂಲಿ ಹೋಗುತ್ತದೆ, ಅಲ್ವಾ?

ದುಡ್ಡನ್ನು ಕೆಲಸ ನಡೆದಂತೆ ಕಂತಲ್ಲಿ ಕೊಡಿ. ಕೊನೆಯ ಕಂತಿಗೆ ಮುಂಚೆ ಡ್ರಾಯರ್‌ಗೆ ಬಟ್ಟೆ ತುಂಬಿ ಹತ್ತು ಸಲ ಎಳೆಯಿರಿ, ಬಾಗಿಲುಗಳ ಸಾಲು ನೇರವಿದೆಯಾ ನೋಡಿ. ವಾರೆಯಿದ್ದರೆ ಹಿಂಜ್‌ನ ಸ್ಕ್ರೂ ತಿರುಗಿಸಿ ಅಲ್ಲೇ ಸರಿಮಾಡುತ್ತಾರೆ. ಉಳಿದ ಲ್ಯಾಮಿನೇಟ್ ತುಂಡನ್ನು ಅದರ ಕೋಡ್ ನಂಬರ್ ಸಮೇತ ಲಾಫ್ಟ್ ಮೇಲೆ ಎತ್ತಿಡಿ.