ಮೊಬೈಲಿನ ಗಜೇಂದ್ರ ಮತ್ತು ಕಾವಿಯ ಗೋಡೆ: ನನ್ನ ಅನುಭವ

2025ರ ಮಾರ್ಚ್ ಕೊನೆಯ ವಾರ ಊರಿಗೆ ಊರೇ ಎಐ ಬರೆದುಕೊಟ್ಟ ಜಿಬ್ಲಿ ಶೈಲಿಯ, ಅಂದರೆ ಜಪಾನಿನ ಕಾರ್ಟೂನ್ ಸಿನಿಮಾಗಳಂಥ, ಮುಖ ಹೊತ್ತು ಕುಳಿತಿತ್ತು. ಸೆಪ್ಟೆಂಬರಿನಲ್ಲಿ ಎಐ ಸೀರೆ ಚಿತ್ರಗಳ ಸರದಿ. ನನ್ನದು ಕಾವಿ ಕೆಲಸ: ಬಿಳಿ ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಬಳಿದು, ಹಸಿಯಿರುವಾಗಲೇ ಕೆರೆದು ಗೋಡೆಯಲ್ಲಿ ಚಿತ್ರ ಬಿಡಿಸುವುದು. ಈ ಎರಡು ಹುಚ್ಚುಗಳ ನಡುವೆ ನನ್ನ ಬಳಿ ಬಂದ ಗಿರಾಕಿಗಳೆಲ್ಲ ಮೊಬೈಲ್ ಹಿಡಿದೇ ಬಂದರು. "ಕಾವಿ ಚಿತ್ರವನ್ನು ಎಐ ಬರೆದುಕೊಟ್ಟಿದೆ, ನೀವು ಗೋಡೆಗೆ ಏರಿಸಿದರೆ ಸಾಕು." ಕೂಲಿ ಮಾತ್ರ ಕೇಳಿ ಎಂದು ಇದರ ಅರ್ಥ. ಕುಮಟಾದಲ್ಲಿ ಬ್ಯಾನರ್ ಮುದ್ರಿಸುವ ಗೆಳೆಯನಂತೂ, "ಸುಣ್ಣದ ಸಹವಾಸ ಬಿಡು ಮಾರಾಯ, ನಾನು ವಿನೈಲ್ ಹಾಳೆಯಲ್ಲಿ ಮುದ್ರಿಸುತ್ತೇನೆ, ನೀನು ಅಂಟಿಸು" ಎಂದ. ಚದರ ಅಡಿಗೆ ಅವನದು 80 ರೂಪಾಯಿಯ ಆಸುಪಾಸು, ನನ್ನದು 1,000 ದಾಟುತ್ತದೆ. ಆ ದರಕ್ಕೇ ಈಗ ಶಿವರಾತ್ರಿಯವರೆಗೆ ನನಗೆ ಬಿಡುವಿಲ್ಲ.

ಗೋಕರ್ಣದ ಹತ್ತಿರ ಹೋಮ್‌ಸ್ಟೇ ಕಟ್ಟಿಸಿದವರೊಬ್ಬರು ತಂದದ್ದು ಗಜೇಂದ್ರಮೋಕ್ಷ. ಮೊದಲ ನೋಟಕ್ಕೆ ಚೆಂದವೇ ಇತ್ತು, ಸುಳ್ಳೇಕೆ ಹೇಳಲಿ. ಅಳತೆಗೆ ಹಿಡಿದಾಗ ಬಣ್ಣ ಬಯಲಾಯಿತು. ಗರುಡನ ರೆಕ್ಕೆಯ ತುದಿಯಲ್ಲಿ ಕೆಂಪು ತೆಳುವಾಗುತ್ತ ಗುಲಾಬಿಯಾಗಿ ಬಿಳಿಯಲ್ಲಿ ಕರಗುತ್ತಿತ್ತು. ಕಾವಿಯಲ್ಲಿ ಗುಲಾಬಿ ಎಲ್ಲಿಂದ ಬರಬೇಕು? ಕೆರೆದರೆ ಬಿಳಿ, ಬಿಟ್ಟರೆ ಕೆಂಪು. ಅಂಚಿನ ಬಳ್ಳಿ ಮೂಲೆಯಲ್ಲಿ ತಿರುಗದೆ ಪಕ್ಕದ ಬಳ್ಳಿಯ ಒಳಗೆ ನುಗ್ಗಿತ್ತು. ಕೈವಾರ ಇಟ್ಟು ಎಣಿಸಿ ತಂದ ಅಂಚು ಹಾಗೆ ದಾರಿ ತಪ್ಪುವುದಿಲ್ಲ. ಮೊಸಳೆಯ ದವಡೆ ಆನೆಯ ಕಾಲಿನ ಮುಂದಿದೆಯೋ ಹಿಂದಿದೆಯೋ ಮೊಸಳೆಗೇ ಗೊತ್ತಿರಲಿಲ್ಲ. ಅಂಗೈಯಗಲದ ಪರದೆಯಲ್ಲಿ ಇದೆಲ್ಲ ಮುಚ್ಚಿಹೋಗುತ್ತದೆ. ಆರು ಅಡಿಯ ಗೋಡೆಯಲ್ಲಿ ಹೋಗುವುದಿಲ್ಲ.

ಹಾಗೆಂದು ನಾನು ಮೂಗು ಮುರಿದು ಕುಳಿತವನಲ್ಲ. ಪ್ರೊಜೆಕ್ಟರ್ ಬಾಡಿಗೆಗೆ ತಂದು ಹಸಿ ಗಾರೆಯ ಮೇಲೆ ಚಿತ್ರ ಬಿಟ್ಟೆ. ಚಿತ್ರ ಕಾಣಲು ಕತ್ತಲು ಬೇಕು. ಕತ್ತಲಲ್ಲಿ ಕಂಟ, ಅಂದರೆ ಕೆರೆಯುವ ಮೊನೆ, ಎಷ್ಟು ಆಳಕ್ಕೆ ಇಳಿಯಿತೆಂದು ಕಾಣದು. ಕೆಂಪು ಪದರದ ಜೊತೆ ಅಡಿಯ ಬಿಳಿಯೂ ಕಿತ್ತು ಬಂತು. ಆಮೇಲೆ ಯಂತ್ರದಲ್ಲಿ ಕತ್ತರಿಸಿದ ಹಾಳೆಯ ಅಚ್ಚು. ಅದು ಒದ್ದೆ ಗಾರೆಗೆ ಅಂಟಲಿಲ್ಲ. ಗಾರೆ ಬಿಗಿದ ಮೇಲೆ ಅಂಟಿಸಿ ಕೆರೆದರೆ ಗೆರೆಯ ಅಂಚು ಗರಗಸದ ಹಲ್ಲಾಯಿತು. ಚಿಪ್ಪಿನ ಸುಣ್ಣ, ತೊಳೆದ ಹೊಳೆಮರಳು, ಬೆಲ್ಲ, ಆಳಿನ ಕೂಲಿ ಎಲ್ಲ ಸೇರಿ ಇಪ್ಪತ್ತು ಸಾವಿರದ ಮೇಲೆ ಕೈಬಿಟ್ಟಿತು. ಬೆಲ್ಲ ಹಾಕಿದ ಗಾರೆ ಹದಿನೈದು ದಿನ ಕೊಳೆಯಬೇಕಲ್ಲ, ಪ್ರತಿ ಸಲ ಅಷ್ಟೂ ದಿನ ಕೆಲಸ ನಿಂತಿತು. ಈ ಖರ್ಚನ್ನು ಯಾವ ಗಿರಾಕಿಯೂ ಕೊಡುವುದಿಲ್ಲ.

ಇಷ್ಟು ಕಳೆದುಕೊಂಡ ಮೇಲೆ ಒಂದು ಸಂಗತಿ ಗಟ್ಟಿಯಾಯಿತು. ಕಾವಿಯಲ್ಲಿ ಮೊದಲು ಚಿತ್ರ, ಆಮೇಲೆ ಗೋಡೆ ಎಂಬ ಕ್ರಮವೇ ಇಲ್ಲ. ಪಡುಗಾಳಿ ತಾಗುವ ಬದಿ ಬೇಗ ಬಿಗಿಯುತ್ತದೆ, ನೆರಳಿನ ಬದಿ ಕಾಯುತ್ತದೆ. ಆದ್ದರಿಂದ ಅಗಲವಾಗಿ ಕೆರೆಯುವ ಬಿಳಿಯನ್ನೆಲ್ಲ ಗಾಳಿಯ ಕಡೆಗೆ, ಗರಿ, ಒಡವೆ, ಕಣ್ಣಿನಂಥ ಸಣ್ಣ ಕೆಲಸವನ್ನು ನೆರಳಿನ ಕಡೆಗೆ ತಳ್ಳುತ್ತೇನೆ. ಆನೆ ಎಡಕ್ಕೆ ನೋಡಬೇಕೋ ಬಲಕ್ಕೋ ಎಂಬುದನ್ನು ಆ ಮನೆಯ ಗಾಳಿ ಹೇಳುತ್ತದೆ. ಗಾರೆ ಬಿಗಿಯುವ ಮುನ್ನ ಎಲ್ಲಿ ನಿಲ್ಲಿಸಬೇಕು, ಯಾವುದನ್ನು ಕೈಬಿಡಬೇಕು ಎಂಬ ತೀರ್ಮಾನಗಳೇ ಚಿತ್ರ. ಶಿರಸಿಯ ಮಾರಿಕಾಂಬಾ ದೇವಸ್ಥಾನದ ಪ್ರಾಂಗಣದಲ್ಲಿ ಕಾವಿ ಗೋಡೆಗಳ ಮುಂದೆ ಗಂಟೆಗಟ್ಟಲೆ ಕುಳಿತಾಗ ನಾನು ಕದ್ದದ್ದು ವಿನ್ಯಾಸಗಳನ್ನಲ್ಲ, ಬರೆದವನು ಎಲ್ಲೆಲ್ಲಿ ಗೆರೆ ಉಳಿಸಿದ ಎಂಬ ಲೆಕ್ಕವನ್ನು. ಕರಾವಳಿಯಲ್ಲಿ ಎಷ್ಟೋ ಕಾವಿ ಗೋಡೆಗಳು ಜೀರ್ಣೋದ್ಧಾರದ ಹೆಸರಿನಲ್ಲಿ ಹೋಗಿಬಿಟ್ಟಿವೆ. ಉಳಿದವನ್ನು ಫೋಟೋದಲ್ಲಿ ನೋಡಿದರೆ ಕೆಂಪು ಬಿಳಿ ಕಾಣುತ್ತದೆ, ಈ ಲೆಕ್ಕ ಕಾಣುವುದಿಲ್ಲ. ಫೋಟೋ ತಿಂದು ಬೆಳೆದ ಯಂತ್ರಕ್ಕೆ ಅದು ಎಲ್ಲಿಂದ ಸಿಗಬೇಕು?

ನಡುವೆ ಇನ್ನೊಂದು ಪರೀಕ್ಷೆಯನ್ನೂ ಮಾಡಿದೆ. ಬಡಗುತಿಟ್ಟು ಯಕ್ಷಗಾನದ ಕೇದಗೆ ಮುಂದಲೆ ಎಂಬ ತಲೆಯುಡುಗೆಯ ವೇಷ ಬರೆದುಕೊಡು ಎಂದು ಅದೇ ಯಂತ್ರಕ್ಕೆ ಹೇಳಿದೆ. ಬಂದದ್ದು ಹಸಿರು ಮುಖದ ಕಥಕ್ಕಳಿ. ಮತ್ತೆ ಮತ್ತೆ ತಿದ್ದಿ ಹೇಳಿದರೆ ಕಿರೀಟ ದೊಡ್ಡದಾಯಿತೇ ಹೊರತು ಮುಂದಲೆ ಬರಲಿಲ್ಲ. ಮುಂದೊಂದು ದಿನ ಬಂದೀತು, ಅದರ ಮೇಲೆ ನಾನು ಪಂಥ ಕಟ್ಟುವುದಿಲ್ಲ.

ಗಿರಾಕಿಯನ್ನು ಒಪ್ಪಿಸಿದ್ದು ಮಾತಿನಿಂದಲ್ಲ. ಅವರ ಮೊಬೈಲ್ ಚಿತ್ರವನ್ನು ಗೆಳೆಯನಿಂದಲೇ ಮುದ್ರಿಸಿ ತಂದೆ. ಅದೇ ಅಳತೆಯ ಚಿರೆಕಲ್ಲಿನ (ಜಂಬಿಟ್ಟಿಗೆಯ) ತೆಳು ಟೈಲಿನ ಮೇಲೆ ನನ್ನ ಗಜೇಂದ್ರನನ್ನು ಕಾವಿಯಲ್ಲಿ ಕೆರೆದೆ. ಎರಡನ್ನೂ ಅವರ ಜಗಲಿಯಲ್ಲಿ ಒಂದರ ಪಕ್ಕ ಒಂದು ಇಟ್ಟು, ಮಳೆಗಾಲ ಕಳೆದ ಮೇಲೆ ಮಾತಾಡೋಣ ಎಂದು ಬಂದೆ. ಸಂಜೆಯ ಓರೆಬಿಸಿಲಿನಲ್ಲಿ ಕೆಂಪು ಪದರ ಕೂದಲೆಳೆಯಷ್ಟು ಎದ್ದು ನಿಂತು ಗೆರೆಗಳಿಗೆ ನೆರಳು ಹುಟ್ಟುತ್ತದೆ, ಅದನ್ನು ದಿನವೂ ನೋಡಲಿ ಎಂಬುದು ನನ್ನ ಎಣಿಕೆ. ಶ್ರಾವಣಕ್ಕೇ ವಿನೈಲಿನ ಮೂಲೆ ಸುರುಳಿಯಾಗಿ ಹಿಂದೆ ಬೂಷ್ಟು ಹಿಡಿದಿತ್ತು. ಆದರೆ ತೀರ್ಪು ಬಂದದ್ದು ಬೂಷ್ಟಿನಿಂದಲ್ಲ. ಆ ಮನೆಯ ಅಜ್ಜಿ ಒಂದು ದಿನ ಮುದ್ರಿಸಿದ್ದನ್ನು ನೋಡಿ, "ತಮ್ಮ, ಈ ಆನೆಯ ಸೊಂಡಿಲಿನಲ್ಲಿ ತಾವರೆಯೇ ಇಲ್ಲವಲ್ಲ, ಇದು ನಾರಾಯಣನನ್ನು ಕರೆಯುವುದು ಹೇಗೆ?" ಎಂದರಂತೆ. ಮಗ ಆ ರಾತ್ರಿಯೇ ಫೋನ್ ಮಾಡಿದರು. ನನ್ನ ಟೈಲಿನಲ್ಲಿ ತಾವರೆ ಇತ್ತು, ಇರದೆ ಏನು?

ದೀಪಾವಳಿ ಮುಗಿದ ಮೇಲೆ ಕೆಲಸ ಹಿಡಿದು ಸುಮಾರು ನಲವತ್ತು ಚದರ ಅಡಿ ಮುಗಿಸಿದೆ. ಅರ್ಧ ಹಣ ಮುಂಗಡ, ಉಳಿದದ್ದು ಕಲ್ಲಿನಿಂದ ಉಜ್ಜಿ ಹೊಳಪು ಬಂದ ದಿನ. ಈಗ ಯಾರೇ ಎಐ ಚಿತ್ರ ತಂದರೂ ಬೇಡ ಎನ್ನುವುದಿಲ್ಲ. ಮನೆಯವರಿಗೆ ಏನು ಬೇಕೆಂದು ತಿಳಿಯಲು ಅದು ಸಾಕು. ಹೊಸದಾಗಿ ಬರೆಯುವುದಕ್ಕೆ ಬೇರೆ ದರ ಹೇಳುತ್ತೇನೆ. ಕೆಮ್ಮಣ್ಣನ್ನು ಯಾವ ಗುಡ್ಡದಿಂದ ತರುತ್ತೇನೆ, ಅರೆಯುವಾಗ ಕೊನೆಯಲ್ಲಿ ಏನು ಸೇರಿಸುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ಇನ್ನೂ ಬಗೆಹರಿಯದೆ ಉಳಿದದ್ದು ಸಿಮೆಂಟ್ ಗೋಡೆ. ಚಿರೆಕಲ್ಲು ಸುಣ್ಣವನ್ನು ಕಚ್ಚಿ ಹಿಡಿಯುತ್ತದೆ, ಸಿಮೆಂಟ್ ಗಿಲಾವು ಹಿಡಿಯುವುದಿಲ್ಲ. ಕೊಚ್ಚಿ ಗಾಯ ಮಾಡಿ ನೋಡಿದೆ, ಬಲೆ ಹೊಡೆದು ನೋಡಿದೆ. ಒಂದು ಕಡೆ ಹಪ್ಪಳದಂತೆ ಎದ್ದು ಬಂತು, ಇನ್ನೊಂದು ಕಡೆ ಈವರೆಗೆ ನಿಂತಿದೆ. ಅಂಕೋಲೆಯಲ್ಲಿ ಅಂಥದೇ ಗೋಡೆ ಒಪ್ಪಿಕೊಂಡಿದ್ದೇನೆ, ಬಲೆಯನ್ನೇ ಹಾಕುವವನಿದ್ದೇನೆ.