ಗೋಡೆ ಮೇಲಿನ ಕೆಂಪು ಚುಕ್ಕೆ

ಉಪ್ಪಿನಕಾಯಿಯ ಗಾಜಿನ ಭರಣಿ. ಅದರೊಳಗೆ ರೇಷ್ಮೆ ದಾರಕ್ಕೆ ಕಟ್ಟಿದ ಪುಟ್ಟ ಅಯಸ್ಕಾಂತ, ಅದಕ್ಕೊಂದು ಕನ್ನಡಿ ಚೂರು. ಲೇಸರ್ ಬೆಳಕು ಕನ್ನಡಿಗೆ ಬಡಿದು 3 ಮೀಟರ್ ಆಚೆಯ ಗೋಡೆ ಮೇಲೆ ಕೆಂಪು ಚುಕ್ಕೆ. ಸೌರ ಬಿರುಗಾಳಿ ಬಂದರೆ, ಅಂದರೆ ಸೂರ್ಯ ಉಗುಳಿದ ಕಣಗಳು ಭೂಮಿಯ ಕಾಂತಬಲವನ್ನು ಅಲುಗಿಸಿದರೆ, ಚುಕ್ಕೆ ಸರಿಯುತ್ತದೆ ಅಂತ ನಮ್ಮ ಡೊಂಬಿವಲಿ ಫ್ಲ್ಯಾಟಿನಲ್ಲಿ ಕಾದು ಕೂತೆ. ಅದು ಸರಿದದ್ದು ಲಿಫ್ಟ್ ಓಡಿದಾಗ, ಹೆಂಡತಿ ಕಬ್ಬಿಣದ ಕಪಾಟು ತೆರೆದಾಗ.

ತಪ್ಪು ನನ್ನದೇ. ನಾನು ನಕಲು ಮಾಡಿದ್ದು ಧ್ರುವದ ಹತ್ತಿರದ ದೇಶದವರ ಉಪಕರಣ. ಅಲ್ಲಿ ಬಿರುಗಾಳಿಗೆ ಸೂಜಿ ಅತ್ತಿತ್ತ ತಿರುಗುತ್ತದೆ. ಮುಂಬೈ ಕಡೆ ಹಾಗಲ್ಲ. ಆ ಹೊತ್ತಿನಲ್ಲಿ ಭೂಮಿಯ ಸುತ್ತ ಸಾವಿರಾರು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮಕ್ಕೆ ಹರಿಯುವ ಕರೆಂಟಿನ ಉಂಗುರ ಜೋರಾಗುತ್ತದೆ. ಅದರ ಕಾಂತಬಲ ಇಲ್ಲಿ ಭೂಮಿ ಅಯಸ್ಕಾಂತವನ್ನು ಉತ್ತರಕ್ಕೆ ಎಳೆಯುವ ಎಳೆತಕ್ಕೆ ನೇರ ಎದುರು. ದಿಕ್ಕು ಅಷ್ಟಾಗಿ ಬದಲಾಗುವುದಿಲ್ಲ, ಎಳೆತ ಸಡಿಲಾಗುತ್ತದೆ. ಸುಮ್ನೆ ಉತ್ತರ ನೋಡುತ್ತಾ ನಿಂತ ಅಯಸ್ಕಾಂತಕ್ಕೆ ಅದು ಹೇಗೆ ಗೊತ್ತಾಗಬೇಕು, ಅಲ್ವಾ?

1859ರ ಸೆಪ್ಟೆಂಬರ್ 2ರಂದು ಮುಂಬೈನ ಕೊಲಾಬಾದ ವೀಕ್ಷಣಾಲಯದಲ್ಲಿ ದಾಖಲಾದ ಸುಮಾರು 1600 ನ್ಯಾನೋಟೆಸ್ಲಾ (ಕಾಂತಬಲ ಅಳೆಯುವ ಮಾನ) ಕುಸಿತವೂ ಈ ಎಳೆತದ್ದೇ. ಮುಂದೆ ಊರಿಗೆ ಕರೆಂಟ್ ಟ್ರಾಮ್ ಬರುತ್ತದೆ ಅಂತ 1904ರಲ್ಲಿ ಆ ಕೆಲಸವನ್ನು ಅಲಿಬಾಗಿಗೆ ಸಾಗಿಸಿದರು. ಅವರಿಗೆ ಟ್ರಾಮ್, ನನಗೆ ಲಿಫ್ಟ್.

ಒಂದು ದಾರ ಬಿಚ್ಚಿ ಎರಡು ಕಟ್ಟಿದೆ. ಕೆಳಗೆ ಹಿತ್ತಾಳೆಯ ತೂಕ ತೂಗಿಬಿಟ್ಟೆ. ದಾರದ ಮೇಲ್ತುದಿಯನ್ನು ತಿರುಚುತ್ತಾ ಅಯಸ್ಕಾಂತವನ್ನು ಪೂರ್ವ-ಪಶ್ಚಿಮಕ್ಕೆ ನಿಲ್ಲಿಸಿದೆ. ಈಗ ದಾರಕ್ಕೂ ಭೂಮಿಗೂ ಹಗ್ಗಜಗ್ಗಾಟ. ಭೂಮಿ ಸ್ವಲ್ಪ ಸಡಿಲ ಬಿಟ್ಟರೂ ದಾರ ಗೆಲ್ಲುತ್ತದೆ, ಚುಕ್ಕೆ ಸರಿಯುತ್ತದೆ. ಜಾಸ್ತಿ ತಿರುಚಿದರೆ ಎರಡೂ ದಾರ ಹೆಣೆದುಕೊಂಡು ಮೊದಲಿಂದ ಶುರು. ಮೂರು ಭಾನುವಾರ ಹೋದವು.

ನಾಲ್ಕನೇ ವಾರ ದಿನಾ ಮಧ್ಯಾಹ್ನ ಚುಕ್ಕೆ ಒಂದು ಸೆಂಟಿಮೀಟರಿನಷ್ಟು ಸರಿಯತೊಡಗಿತು. ಕುಣಿದಾಡಿದೆ. ಆದರೆ ದಿಕ್ಕು ಉಲ್ಟಾ! ಹಗಲು ಮೇಲಿನ ಗಾಳಿಪದರದಲ್ಲಿ ಹರಿಯುವ ಕರೆಂಟಿನಿಂದ ನಡುಹಗಲಿಗೆ ಎಳೆತ ಏರಬೇಕು. ನನ್ನ ಭರಣಿ ಇಳಿದದ್ದು ತೋರಿಸುತ್ತಿತ್ತು. ಸೂರ್ಯನದೇ ಕೆಲಸ, ಆದರೆ ಕಾದದ್ದು ನಮ್ಮ ಕೋಣೆ. ನಿಯೋಡಿಮಿಯಂ ಅಯಸ್ಕಾಂತ 1 ಡಿಗ್ರಿ ಬಿಸಿಯಾದರೆ ಸಾವಿರದಲ್ಲಿ ಸುಮಾರು ಒಂದು ಪಾಲು ಬಲ ಕಳೆದುಕೊಳ್ಳುತ್ತದೆ. ಇಲ್ಲಿನ ಉತ್ತರದ ಎಳೆತ ಸುಮಾರು 38,000 ನ್ಯಾನೋಟೆಸ್ಲಾ. ಅಂದರೆ ಒಂದೇ ಡಿಗ್ರಿಗೆ 38ರ ಸುಳ್ಳು ಲೆಕ್ಕ. ಭರಣಿ ಥರ್ಮೊಕೋಲ್ ಡಬ್ಬಿ ಸೇರಿತು.

2024ರ ಮೇ 10, ಬಸವ ಜಯಂತಿ. ರಾತ್ರಿ ಹತ್ತೂವರೆ ದಾಟಿತ್ತು. ಚುಕ್ಕೆ ಎಳೆತ ಏರುವ ಕಡೆಗೆ ಟಕ್ಕನೆ ಜಿಗಿಯಿತು. ಸೌರಗಾಳಿ ಗುದ್ದಿ ಭೂಮಿಯ ಕಾಂತಗೋಳ, ಅಂದರೆ ಅದರ ಕಾಂತಬಲ ಹರಡಿದ ವಲಯ, ಒತ್ತಿಕೊಂಡ ಗುರುತದು. ಲಿಫ್ಟ್ ನೋಡಿ ಬಂದೆ, ನಿಂತೇ ಇತ್ತು. ಆಮೇಲೆ ಚುಕ್ಕೆ ಹಿಂದಕ್ಕೆ ಹೊರಟಿತು. ಗೋಡೆಯ ಗ್ರಾಫ್ ಕಾಗದದ ಮೇಲೆ ಅರ್ಧ ಗಂಟೆಗೊಂದು ಪೆನ್ಸಿಲ್ ಗೆರೆ ಎಳೆಯುತ್ತಾ ಕೂತೆ. ಆ ಬಿರುಗಾಳಿಯಲ್ಲಿ ಎಳೆತ 400 ನ್ಯಾನೋಟೆಸ್ಲಾದಷ್ಟು ಕುಸಿಯಿತು. ಬೆಳಗ್ಗೆ ಎಂಟರ ಹೊತ್ತಿಗೆ ಚುಕ್ಕೆ ಕಾಗದದ ಅಂಚು ದಾಟಿ ಕ್ಯಾಲೆಂಡರ್ ಮೇಲೆ ಕೂತಿತ್ತು.

ಚಹಾ ತಂದ ಹೆಂಡತಿ ಅದನ್ನು ನೋಡಿ, ‘ನಾ ಕಪಾಟು ಮುಟ್ಟಿಲ್ರೀ’ ಅಂದಳು.