ಗರಗಸದ ಬೆನ್ನಿಗೆ ಒರೆ

ಹೊಲದ ಒಡ್ಡಿನ ಮೇಲೆ ಬೆಳೆದ ಬಳ್ಳಾರಿ ಜಾಲಿಯನ್ನು ಕಡಿಯಲು ಮಾಡಿಸಿಕೊಂಡ ಕತ್ತಿಗೆ ಇದು ಮೂರನೆಯ ಒರೆ. ಮೊದಲನೆಯದನ್ನು ಕತ್ತಿ ಒಂದೇ ತಿಂಗಳಲ್ಲಿ ಕೊಯ್ದು ಹಾಕಿತು. ಎರಡನೆಯದು ಕತ್ತಿಯನ್ನು ಹೊರಗೆ ಬಿಡಲೇ ಇಲ್ಲ. ಈಗಿನದು ಎರಡು ಮಳೆಗಾಲ ಕಳೆದಿದೆ, ಒಂದು ಹೊಲಿಗೆಯೂ ಬಿಚ್ಚಿಲ್ಲ.

ನಮ್ಮದು ಕುಷ್ಟಗಿ ತಾಲ್ಲೂಕಿನಲ್ಲಿ ದಾಳಿಂಬೆ ತೋಟ. ಬಳ್ಳಾರಿ ಜಾಲಿ ಇಲ್ಲಿ ನೆಟ್ಟು ಬೆಳೆಸಬೇಕಾದ ಗಿಡವಲ್ಲ. ಬುಡಕ್ಕೆ ಕಡಿದರೂ ಮತ್ತೆ ಚಿಗುರುತ್ತದೆ. ತೆಳು ಟೊಂಗೆಗೆ ಒಂದು ಏಟು ಸಾಕು, ಮಣಿಕಟ್ಟಿನ ದಪ್ಪದ ಟೊಂಗೆಗೆ ಗರಗಸವೇ ಬೇಕು. ಮುಳ್ಳಿನ ಪೊದೆಯೊಳಗೆ ನಿಂತು ಎರಡು ಆಯುಧ ಬದಲಾಯಿಸುವುದು ಕಷ್ಟವೆಂದು ಊರಿನ ಕಮ್ಮಾರರ ಹತ್ತಿರ ಲಾರಿಯ ಹಳೆಯ ಕಮಾನು ಪಟ್ಟಿ ಕೊಟ್ಟು, ಒಂದು ಕಡೆ ಹರಿತವಾದ ಬಾಯಿ, ಬೆನ್ನಿನ ಮೇಲೆ ಗರಗಸದ ಹಲ್ಲು ಇರುವ ಕತ್ತಿ ಮಾಡಿಸಿದೆ. ಅಲಗಿನ ಉದ್ದ 22 ಸೆಂಟಿಮೀಟರ್, ಅಗಲ ನಾಲ್ಕೂವರೆ, ಬೆನ್ನಿನ ದಪ್ಪ 5 ಮಿಲಿಮೀಟರ್. 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲವಾದ ಅಲಗು ಶಸ್ತ್ರಾಸ್ತ್ರ ನಿಯಮದೊಳಗೆ ಬರುತ್ತದೆ. ಕೃಷಿಯ ಉಪಕರಣಕ್ಕೆ ಅದರಲ್ಲಿ ವಿನಾಯಿತಿ ಇದ್ದರೂ, ದಾರಿಯಲ್ಲಿ ನಿಂತು ಅದನ್ನು ವಿವರಿಸುವ ಪ್ರಸಂಗ ಬೇಡವೆಂದು ಅಳತೆಯನ್ನು ಮೊದಲೇ ಕೆಳಗಿಟ್ಟಿದ್ದೆ.

ಹಲ್ಲುಗಳನ್ನು ಮೂರು ಮೂಲೆಯ ಅರದಿಂದ ಉಜ್ಜಿ ತೆಗೆದದ್ದು. ಹಿಡಿಯಿಂದ ಮೂರು ಸೆಂಟಿಮೀಟರ್ ಬಿಟ್ಟು ಶುರುವಾಗಿ ಹನ್ನೊಂದು ಸೆಂಟಿಮೀಟರ್ ಸಾಗುತ್ತವೆ. ತುದಿಯ ಕಡೆಯ ಎಂಟು ಸೆಂಟಿಮೀಟರ್ ಬೆನ್ನು ನುಣುಪು. ಈ ಎಂಟು ಸೆಂಟಿಮೀಟರ್ ಎಷ್ಟು ಮುಖ್ಯ ಎಂಬುದು ಆಗ ನನಗೆ ಗೊತ್ತಿರಲಿಲ್ಲ.

ಮೊದಲ ಒರೆಗೆ ಪೇಟೆಯಿಂದ ಮೆತ್ತನೆಯ ಚರ್ಮ ತಂದೆ. ಬೆನ್ನಿನ ಕಡೆ ಮಡಿಚಿ ಬಾಯಿಯ ಕಡೆ ಹೊಲಿದೆ. ಮಾಮೂಲಿ ಚೂರಿಯ ಒರೆ ಹೀಗೆಯೇ ಇರುತ್ತದೆ. ಹರಿತವಲ್ಲದ ಬೆನ್ನನ್ನು ಮಡಿಕೆಗೆ ಒತ್ತಿಕೊಂಡು ಒಳಗೆ ಜಾರಿಸಿದರೆ ಬಾಯಿ ಎಲ್ಲಿಯೂ ತಾಗುವುದಿಲ್ಲ. ನನ್ನ ಕತ್ತಿಗೆ ಆ ನಿರಪಾಯದ ಬೆನ್ನೇ ಇಲ್ಲ. ನಾಲ್ಕು ವಾರದಲ್ಲಿ ಮಡಿಕೆ ಉದ್ದಕ್ಕೆ ಸೀಳಿ ಹಲ್ಲು ಹೊರಗೆ ಇಣುಕಿದವು. ಸಾಲದ್ದಕ್ಕೆ ಅಲಗಿನ ಮೇಲೆ ಚುಕ್ಕೆ ಚುಕ್ಕೆ ತುಕ್ಕು. ಆ ಚರ್ಮವನ್ನು ಅಡ್ಡ ಕೊಯ್ದು ನೋಡಿದಾಗ ಒಳಗೆ ಬೂದು ನೀಲಿ ಬಣ್ಣವಿತ್ತು, ಅಂದರೆ ಕ್ರೋಮ್ ಲವಣದಿಂದ ಹದ ಮಾಡಿದ್ದು. ಚೀಲಕ್ಕೂ ಜಾಕೆಟ್ಟಿಗೂ ಅದು ಚೆನ್ನ. ಆದರೆ ಅದರಲ್ಲಿ ಉಳಿದ ಲವಣ ಉಕ್ಕಿಗೆ ಒಳ್ಳೆಯದಲ್ಲ, ಕೊಟ್ಟ ಆಕಾರವನ್ನೂ ಅದು ಹಿಡಿದುಕೊಳ್ಳುವುದಿಲ್ಲ.

ಎರಡನೆಯ ಸಲ ಅಥಣಿ ಕಡೆಯ ಚಪ್ಪಲಿಗೆ ಬಳಸುವಂಥ ಎಮ್ಮೆಯ ತೊಗಲು ತರಿಸಿದೆ. ಕರಿಜಾಲಿಯ ತೊಗಟೆ ಮತ್ತು ಅಳಲೆಕಾಯಿಯಲ್ಲಿ ಹದವಾದದ್ದು, ಎಲ್ಲಿ ಕೊಯ್ದರೂ ಒಂದೇ ಕಂದು ಬಣ್ಣ. ಜಾಲಿ ಕಡಿಯುವ ಕತ್ತಿಗೆ ಜಾಲಿಯ ತೊಗಟೆಯಲ್ಲೇ ಹದವಾದ ತೊಗಲು ಸಿಕ್ಕಿತೆಂದು ಖುಷಿಯಾಗಿತ್ತು. ಈ ತೊಗಲನ್ನು ಗುಳ್ಳೆ ಏಳುವುದು ನಿಲ್ಲುವವರೆಗೆ ನೀರಲ್ಲಿ ನೆನೆಸಿ, ಪ್ಲಾಸ್ಟಿಕ್ ಹಾಳೆ ಸುತ್ತಿದ ಕತ್ತಿಯ ಮೇಲೆ ಒತ್ತಿ ಒಣಗಿಸಿದರೆ ಅಲಗಿನ ಆಕಾರವೇ ಮೂಡುತ್ತದೆ. ಮೂಡಿತು ಕೂಡ, ಹಲ್ಲುಗಳ ಸಮೇತ. ಒಂದೊಂದು ಹಲ್ಲಿಗೂ ತೊಗಲಿನಲ್ಲಿ ಒಂದೊಂದು ಗುಳಿ ಬಿದ್ದು, ಹಾಕಿದ ಕತ್ತಿ ಜಿಪ್ ಕಚ್ಚಿಕೊಂಡಂತೆ ಕಚ್ಚಿಕೊಂಡಿತು. ಎರಡೂ ಕೈಯಿಂದ ಎಳೆದಾಗ ಒಮ್ಮೆಲೇ ಹೊರಬಂದು ನನ್ನ ಎಡಗೈ ಹೆಬ್ಬೆರಳ ಬುಡವನ್ನು ಗೀರಿತು. ನಾಲ್ಕು ಹೊಲಿಗೆ ಬಿದ್ದವು.

ಕೈ ಮಾಗಿದ ಮೇಲೆ ಕತ್ತಿ, ಒರೆ ಎರಡನ್ನೂ ಗೋಣಿಚೀಲದಲ್ಲಿ ಸುತ್ತಿಕೊಂಡು ಕುಷ್ಟಗಿಯಲ್ಲಿ ಚಪ್ಪಲಿ ಹೊಲಿಯುವ ಕಾಕಾ ಒಬ್ಬರ ಹತ್ತಿರ ಹೋದೆ. ಅವರು ಬಾಯಿಯ ಕಡೆ ಕಣ್ಣು ಹಾಕಲಿಲ್ಲ. ಹಲ್ಲಿನ ಮೇಲೆ ಉಗುರನ್ನು ಹಿಂದೆ ಮುಂದೆ ಆಡಿಸಿ, "ಇದು ಎಳೆದಾಗ ಕೊಯ್ಯುತ್ತದೋ, ದೂಡಿದಾಗ ಕೊಯ್ಯುತ್ತದೋ ತಮ್ಮಾ?" ಎಂದು ಕೇಳಿದರು.

"ಎಳೆದಾಗ, ಕಾಕಾ. ಹಲ್ಲು ಹಿಡಿಯ ಕಡೆ ವಾಲಿವೆ."

"ಒರೆಯಿಂದ ಕತ್ತಿ ಹಿರಿಯುವುದೂ ಎಳೆಯುವುದೇ ಅಲ್ಲವೇ? ಹಿರಿದಾಗಲೆಲ್ಲ ನೀನು ಒರೆಯನ್ನು ಕೊಯ್ಯುತ್ತಿದ್ದೀಯಲ್ಲ."

ನನಗೆ ಆವರೆಗೆ ಹೊಳೆಯದ ಮಾತು ಅದು. ಒಳಗೆ ಗಟ್ಟಿ ವಸ್ತು ಹಾಕಿದರೆ ಸಾಕೆಂದುಕೊಂಡು ನೀರಾವರಿಯ ಪಿವಿಸಿ ಪೈಪನ್ನು ಕುದಿಯುವ ನೀರಲ್ಲಿ ಮೆತ್ತಗೆ ಮಾಡಿ ಚಪ್ಪಟೆ ಪಟ್ಟಿಯನ್ನೂ ಮಾಡಿ ನೋಡಿದ್ದೆ. ಹಿರಿದಾಗಲೆಲ್ಲ ಬಿಳಿ ಹೊಟ್ಟು ಉದುರುತ್ತಿತ್ತು. ಹಲ್ಲು ಯಾವುದನ್ನು ಮುಟ್ಟಿದರೂ ಒಂದೋ ಅದು ಸವೆಯಬೇಕು, ಇಲ್ಲವೇ ಹಲ್ಲು ಸವೆಯಬೇಕು. ಹಾಗಾದರೆ ಹಲ್ಲು ಯಾವುದನ್ನೂ ಮುಟ್ಟಕೂಡದು.

ಮೂರನೆಯ ಒರೆಯನ್ನು ಈ ಒಂದೇ ಷರತ್ತಿನಿಂದ ಶುರುಮಾಡಿ ರಟ್ಟಿನ ಮೇಲೆ ಬರೆದೆ. ತುದಿಯ ಏಳು ಸೆಂಟಿಮೀಟರ್ ಮಾತ್ರ ಎರಡೂ ಕಡೆ ಮುಚ್ಚಿದ ಜೇಬು. ನುಣುಪು ಬೆನ್ನು ಅದರೊಳಗೆ ಕೂರುತ್ತದೆ. ಅಲ್ಲಿಂದ ಮೇಲಕ್ಕೆ ಬಾಯಿಯ ಕಡೆ ಹೊಲಿಗೆ, ಬೆನ್ನಿನ ಕಡೆ ಪೂರ್ತಿ ತೆರವು. ತೆರವಿನ ಎರಡು ಅಂಚುಗಳು ಹಲ್ಲಿಗಿಂತ 12 ಮಿಲಿಮೀಟರ್ ಹೊರಚಾಚಿವೆ. ಅರ್ಧ ಬಿರಿದ ಅವರೆಕಾಯಿಯೊಳಗೆ ಕಾಳು ಕಾಣುವಂತೆ ಹಲ್ಲು ಒಳಗೆ ಹುದುಗಿರುತ್ತವೆ, ತೊಡೆಗಾಗಲಿ ಬಟ್ಟೆಗಾಗಲಿ ತಾಗುವುದಿಲ್ಲ. ಅಡ್ಡಲಾಗಿ ಎರಡು ಪಟ್ಟಿ, ಪ್ರೆಸ್ ಬಟನ್. ಪಟ್ಟಿ ಬಿಚ್ಚಿ ಏಳು ಸೆಂಟಿಮೀಟರ್ ಮೇಲಕ್ಕೆತ್ತಿ ಬೆನ್ನ ಕಡೆಗೆ ವಾಲಿಸಿದರೆ ಕತ್ತಿ ಕೈಗೆ ಬರುತ್ತದೆ.

ಈ ಸಲ ನೆನೆದ ತೊಗಲನ್ನು ಕತ್ತಿಯ ಮೇಲೆ ಒತ್ತಲಿಲ್ಲ. ಕಿನ್ನಾಳದಲ್ಲಿ ಗೊಂಬೆ ಮಾಡುವ ಪರಿಚಯದವರು ಹಗುರ ಮರದ ಒಂದು ತುಂಡು ಕೊಟ್ಟಿದ್ದರು. ಅದರಲ್ಲಿ ಅಲಗಿನ ಅಚ್ಚು ಕೆತ್ತಿ, ಹಲ್ಲಿನ ಜಾಗದಲ್ಲಿ ಮಾತ್ರ ಬೆನ್ನನ್ನು 12 ಮಿಲಿಮೀಟರ್ ಎತ್ತರ ಬಿಟ್ಟೆ. ಒಣಗಿದ ಮೇಲೆ ಅಚ್ಚು ತೆಗೆದರೆ ಹಲ್ಲಿನ ಸುತ್ತ ಬೇಕಾದ ಬಯಲು ತಾನಾಗಿಯೇ ಉಳಿಯಿತು. ಒಣಗಿಸಿದ್ದು ನೆರಳಿನಲ್ಲಿ, ಎರಡು ದಿನ. ನಮ್ಮ ಬೇಸಿಗೆಯ ಬಿಸಿಲಿಗೆ ಇಟ್ಟರೆ ತೊಗಲು ಮುರುಟಿ ಬಿರುಕು ಬಿಡುತ್ತದೆ.

ಬಾಯಿಯ ಕಡೆ ಎರಡು ಪದರದ ನಡುವೆ ಅದೇ ತೊಗಲಿನ ಎರಡು ಪಟ್ಟಿ ಸೇರಿಸಿದೆ. ಅಲಗು ಜಾರಿ ಕೆಳಗೊತ್ತಿದರೂ ಮೊದಲು ಈ ಪಟ್ಟಿಗೆ ತಾಗುತ್ತದೆಯೇ ಹೊರತು ದಾರಕ್ಕೆ ಅಲ್ಲ. ದೊಡ್ಡ ಕತ್ತಿಯ ಒರೆಗೆ ಈ ಪಟ್ಟಿ ಸೇರಿಸದಿದ್ದರೆ ಉಳಿದೆಲ್ಲ ಕೆಲಸ ವ್ಯರ್ಥ. ಫೋರ್ಕ್ ಚಮಚ ಒತ್ತಿ ಸಮ ಅಂತರದ ಗುರುತು ಮಾಡಿ, ಸಣ್ಣ ಡ್ರಿಲ್ಲಿನಿಂದ ತೂತು ಹಾಕಿದೆ. ದಾರ ಬಳ್ಳಾರಿಯ ಜೀನ್ಸ್ ಹೊಲಿಗೆಯದು, ಮೂರು ಎಳೆ ಹುರಿಮಾಡಿ ಜೇನುಮೇಣ ಉಜ್ಜಿದ್ದು. ಒಂದೇ ದಾರದ ಎರಡು ತುದಿಗೆ ಎರಡು ಸೂಜಿ, ಪ್ರತಿ ತೂತಿನಲ್ಲೂ ಎರಡೂ ಎದುರುಬದರು ಹಾಯಬೇಕು. ಹೀಗೆ ಹೊಲಿದರೆ ಒಂದು ಕಡೆ ದಾರ ಹರಿದರೂ ಇನ್ನೊಂದು ಕಡೆಯದು ಹಿಡಿದುಕೊಂಡಿರುತ್ತದೆ, ಯಂತ್ರದ ಹೊಲಿಗೆಯಂತೆ ಸಾಲಾಗಿ ಬಿಚ್ಚಿಕೊಳ್ಳುವುದಿಲ್ಲ. ಹೊಲಿಗೆಯ ಉದ್ದಕ್ಕಿಂತ ನಾಲ್ಕೈದು ಪಟ್ಟು ದಾರ ಇಟ್ಟುಕೊಳ್ಳಿ, ನಡುವೆ ಗಂಟು ಹಾಕುವಂತಾಗಬಾರದು.

ಬೆಲ್ಟಿನಿಂದ ನಾಲ್ಕು ಬೆರಳು ಕೆಳಗೆ ತೂಗುವಂತೆ ಕುಣಿಕೆ ಇಟ್ಟಿದ್ದೇನೆ, ಕುಕ್ಕರುಗಾಲಲ್ಲಿ ಕುಳಿತಾಗ ಹಿಡಿ ಪಕ್ಕೆಗೆ ತಿವಿಯುವುದಿಲ್ಲ. ಬಾಯಿ ಮುಂದಕ್ಕೆ, ತೆರವು ಹಿಂದಕ್ಕೆ. ತುದಿಯಲ್ಲಿ 6 ಮಿಲಿಮೀಟರ್ ತೂತು, ಮಳೆನೀರಿಗೂ ಗರಗಸದ ಹೊಟ್ಟಿಗೂ. ಹಿರಿಯುವಾಗ ಎಡಗೈ ಒರೆಯನ್ನು ಚಪ್ಪಟೆ ಕಡೆಯಿಂದಲೇ ಹಿಡಿಯಬೇಕು, ಬೆರಳು ಹೊಲಿಗೆಯ ಅಂಚನ್ನು ಸುತ್ತಬಾರದು. ಹೆಬ್ಬೆರಳಿನ ಗಾಯದ ಗುರುತು ಇನ್ನೂ ಇದೆ, ತೋಟದ ಕೆಲಸಕ್ಕೆ ಬರುವ ಹುಡುಗರಿಗೆ ಅದನ್ನೇ ತೋರಿಸಿ ಹೇಳುತ್ತೇನೆ.

ಕಳೆದ ಮಳೆಗಾಲದಲ್ಲಿ ಕೆಳಗಿನ ಬಟನ್ ತುಕ್ಕು ಹಿಡಿದು ಕಚ್ಚಿಕೊಂಡಿತು. ಅದನ್ನು ಕಿತ್ತು, ತೊಗಲಿನ ಕುಣಿಕೆಗೆ ಸಿಕ್ಕಿಸುವ ಮರದ ಗುಂಡಿ ಹಾಕಿದೆ. ಕೈಗವಸು ತೆಗೆಯದೆ ಬಿಚ್ಚಲು ಬರುತ್ತದೆ. ಮೇಲಿನದನ್ನೂ ಹಾಗೆಯೇ ಬದಲಾಯಿಸಬೇಕೆಂದು ಗುಂಡಿ ಕೆತ್ತಿ ಇಟ್ಟಿದ್ದೇನೆ.